ಕಾಡು ಕೊಂಡಾಯ್ತು, ಇನ್ನು ನೋಡಿಕೊಳ್ಳುವವರು ಯಾರು?

ಪ್ರಶ್ನೆ: ನಾವು ನಾಲ್ವರು ಸ್ನೇಹಿತರು ಸೇರಿ ಸಾಗರ ತಾಲ್ಲೂಕಿನಲ್ಲಿ 26 ಎಕರೆ ಜಾಗ ತಗೊಂಡಿದ್ದೇವೆ. ರೆಸಾರ್ಟ್ ಕಟ್ಟುವ ಆಸೆ ಇಲ್ಲ, ಕಾಡು ಕಾಡಾಗಿಯೇ ಉಳಿಯಬೇಕು ಅಷ್ಟೇ. ಅರ್ಧದಷ್ಟು ಕಾನು (ದಟ್ಟ ಹಸಿರು ಕಾಡು), ಮಧ್ಯೆ ಒಂದು ಹಳ್ಳ, ಐದಾರು ಎಕರೆ ಬ್ಯಾಣ (ಹುಲ್ಲಿನ ಬಯಲು), ಒಂದು ಕಡೆ ಹಿಂದಿನವರು ಹಾಕಿದ ಅಕೇಶಿಯಾ, ಎರಡು ಎಕರೆ ಹಳೇ ಅಡಿಕೆ ತೋಟ. ಈ ಮಳೆಗಾಲಕ್ಕೆ ಐದು ಸಾವಿರ ಸಸಿ ನೆಡಿಸಿ, ಸುತ್ತ ಮುಳ್ಳುತಂತಿ ಬೇಲಿ ಹಾಕಿಸಬೇಕು ಅಂತಿದ್ದೇವೆ. ನಾವೆಲ್ಲ ಇರುವುದು ಬೆಂಗಳೂರಿನಲ್ಲಿ, ವಯಸ್ಸು ಐವತ್ತು ದಾಟಿದೆ. ನಮ್ಮ ನಂತರವೂ ಇದು ಉಳಿಯಬೇಕಾದರೆ ಯೋಜನೆ ಹೇಗೆ ಮಾಡಬೇಕು?

ಉತ್ತರ: ಸಸಿಗೂ ಬೇಲಿಗೂ ಆರ್ಡರ್ ಕೊಟ್ಟಿದ್ದರೆ ದಯವಿಟ್ಟು ಸದ್ಯಕ್ಕೆ ನಿಲ್ಲಿಸಿ. ನೀವು ವಿವರಿಸಿದ ಜಾಗದಲ್ಲಿ ಮರಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಅಲ್ಲಿ ನಿಂತು ನೋಡುವ ಒಬ್ಬ ಮನುಷ್ಯನಿಗೆ, ಮತ್ತು ಅವನಿಗೆ ವರ್ಷ ವರ್ಷವೂ ಸಂಬಳ ಕೊಡುವ ವ್ಯವಸ್ಥೆಗೆ. ಬೇಲಿಗೆ ಎತ್ತಿಟ್ಟ ಹಣವನ್ನು ಇದಕ್ಕೆ ಇಟ್ಟುಕೊಳ್ಳಿ.

ಮೊದಲು ಕಾಗದ. ನೋಂದಣಿ ಆಗಿದೆ ಅಂದಮಾತ್ರಕ್ಕೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಶಿವಮೊಗ್ಗ ಸೀಮೆಯ ಕಾನು, ಉತ್ತರ ಕನ್ನಡದ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಇವುಗಳಲ್ಲಿ ಬಹಳಷ್ಟು ಕಡೆ ನೆಲ ಸರ್ಕಾರದ್ದು. ತೋಟ, ಗದ್ದೆಯವರಿಗೆ ಇರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವಂಥ ಬಳಕೆಯ ಹಕ್ಕು ಮಾತ್ರ. ಮಾರುವವರು ಕೈ ತೋರಿಸಿ 'ಅಲ್ಲಿವರೆಗೂ ನಮ್ಮದೇ' ಅಂತಾರೆ, ಪಹಣಿಯಲ್ಲಿ ನೋಡಿದರೆ ಅರ್ಧವೂ ಇರುವುದಿಲ್ಲ. ಹಾಗಾಗಿ ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ, ಇತರೆ ಹಕ್ಕು ಮತ್ತು ಋಣಗಳಿರುವ 11ನೇ ಕಾಲಂ ಓದಿ. ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ತೋರಿಸುವ ಆಕಾರ್‌ಬಂದ್ ದಾಖಲೆ ತೆಗೆಸಿ. 'ಬಿ' ಖರಾಬು, ಅಂದರೆ ಸಾಗುವಳಿಯಿಂದ ಹೊರಗಿಟ್ಟ ಭಾಗ, ಎಷ್ಟಿದೆ ನೋಡಿ, ಹಳ್ಳ ಮತ್ತು ಕಾಲುದಾರಿ ಸಾಮಾನ್ಯವಾಗಿ ಅದರಲ್ಲೇ ಬರುತ್ತವೆ, ಅದು ಸಾರ್ವಜನಿಕರದ್ದು. ಸರ್ವೆ ಇಲಾಖೆಗೆ ಅರ್ಜಿ ಹಾಕಿ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ, ಅಕ್ಕಪಕ್ಕದವರನ್ನು ಕರೆದು ಅವರ ಎದುರಿಗೇ ಗಡಿಕಲ್ಲು ಹಾಕಿಸಿ. ದೂರದಲ್ಲಿರುವ ಮಾಲೀಕರಿಗೆ ಇದು ಇನ್ನೂ ಮುಖ್ಯ. ಬೇರೆಯವರು ನಿಮ್ಮ ನೆಲವನ್ನು ತಮ್ಮದೆಂದು ಬಹಿರಂಗವಾಗಿ 12 ವರ್ಷ ಅನುಭವಿಸಿದರೆ, ಅದನ್ನು ವಾಪಸ್ ಕೇಳುವ ಅವಕಾಶ ನಿಮಗೆ ಕೈತಪ್ಪಬಹುದು. ವರ್ಷಕ್ಕೊಮ್ಮೆ ಗಡಿ ಸುತ್ತಿ ಪ್ರತಿ ಕಲ್ಲಿನ ಫೋಟೊ ತೆಗೆದಿಡುವುದು ಅದಕ್ಕೇ.

ಆಮೇಲೆ, ಒಂದು ಪೂರ್ತಿ ವರ್ಷ ನೋಡುವ ಕೆಲಸ. ಮಳೆಗಾಲ, ಚಳಿ, ಬೇಸಿಗೆ ಮೂರನ್ನೂ ನೋಡದೆ ಯಾವ ಗುದ್ದಲಿಯನ್ನೂ ಒಳಗೆ ಬಿಡಬೇಡಿ, ಜೆಸಿಬಿಯನ್ನಂತೂ ಬೇಡವೇ ಬೇಡ. ಜೆಸಿಬಿ ಹೋದ ದಾರಿಯಲ್ಲಿ ಮುಂದಿನ ಮಳೆಗೆ ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಎದೆಮಟ್ಟ ನಿಂತಿರುತ್ತದೆ. ಹತ್ತು ಹದಿನೈದು ಜಾಗ ಗುರುತು ಮಾಡಿ, ಕಲ್ಲಿಗೆ ಬಣ್ಣ ಹಚ್ಚಿ, ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಜನವರಿಯಲ್ಲೊಂದು, ಸೆಪ್ಟೆಂಬರ್‌ನಲ್ಲೊಂದು ಫೋಟೊ ತೆಗೆಯಿರಿ. ಹಳ್ಳದಲ್ಲಿ ನೀರು ಹರಿಯುವುದು ಯಾವ ವಾರ ನಿಂತಿತು ಬರೆದಿಡಿ. ಕಂಡ ಹಕ್ಕಿಗಳನ್ನು ಇಬರ್ಡ್ ಆ್ಯಪ್‌ನಲ್ಲಿ, ಗಿಡಗಳನ್ನು ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಹಾಕುತ್ತಾ ಹೋದರೆ ದಾಖಲೆ ತಾನಾಗಿ ಬೆಳೆಯುತ್ತದೆ. ಹತ್ತು ವರ್ಷದ ಮೇಲೆ ನಿಮ್ಮ ಜಾಗ ಸುಧಾರಿಸಿದೆಯೋ ಕೆಟ್ಟಿದೆಯೋ ಹೇಳಲು ಇದೊಂದೇ ಆಧಾರ.

ಹಳ್ಳದ ಬದಿಯಲ್ಲಿ ಒಂದು ವಿಷಯ ವಿಶೇಷವಾಗಿ ನೋಡಿ. ಕೆಸರಿನಿಂದ ಬೇರುಗಳು ಮೊಣಕಾಲು ಮಡಚಿದ ಹಾಗೆ ಮೇಲೆದ್ದು ಮತ್ತೆ ಕೆಸರಿಗೇ ಇಳಿದಿವೆಯಾ? ಕಾಂಡದಿಂದ ಊರುಗೋಲಿನಂಥ ಬೇರುಗಳು ಇಳಿದಿವೆಯಾ? ಹಾಗಿದ್ದರೆ ಅದು ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಜಾತಿಯ ಮರಗಳ ಜೌಗು ಕಾಡು ಇರಬಹುದು. ನಿಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಇರುವುದು ಇಂಥದ್ದೇ. ವರ್ಷವಿಡೀ ತೇವ ಬೇಡುವ ಈ ಜಡ್ಡಿಗಳಲ್ಲಿ ಬಹುಪಾಲು ಹಿಂದೆಯೇ ಗದ್ದೆ, ತೋಟಗಳಾಗಿ ಹೋಗಿವೆ. ಉಳಿದ ಚೂರು ನಿಮ್ಮ ಪಾಲಿಗೆ ಬಂದಿದ್ದರೆ ತೋಟಕ್ಕೆ ಅಂತ ಅಲ್ಲಿಂದ ಒಂದು ಪೈಪ್ ನೀರನ್ನೂ ತಿರುಗಿಸಬೇಡಿ. ನಿಮ್ಮ 26 ಎಕರೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅದೇ ಆಗುತ್ತದೆ.

ಬ್ಯಾಣದಲ್ಲಿ ಸಸಿ ನೆಡಬೇಡಿ. 'ಖಾಲಿ ಬಿದ್ದಿದೆ' ಅನ್ನಿಸುವುದು ಸಹಜ, ಆದರೆ ಅದು ಖಾಲಿ ಜಾಗ ಅಲ್ಲ. ಕಲ್ಲು ಹಾಸಿನ ಮೇಲೆ ತೆಳ್ಳಗೆ ಮಣ್ಣಿರುವ ಇಂಥ ಕಡೆ ಮಳೆಗಾಲದಲ್ಲಿ ಬಗ್ಗಿ ನೋಡಿ. ಬೆರಳುದ್ದದ ಕಡ್ಡಿಯಲ್ಲಿ ನೀಲಿ ಹೂ ಬಿಡುವ ಯುಟ್ರಿಕ್ಯುಲೇರಿಯಾ, ಎಲೆ ಮೇಲಿನ ಅಂಟು ಹನಿಯಲ್ಲಿ ಹುಳ ಹಿಡಿಯುವ ಡ್ರಾಸೆರಾ ಸಿಕ್ಕರೂ ಸಿಗಬಹುದು. ಟಿಟ್ಟಿಭ ಮೊಟ್ಟೆ ಇಡುವುದು ಬಯಲು ನೆಲದಲ್ಲೇ. ಅಲ್ಲಿ ಗುಂಡಿ ತೋಡಿ ಮರ ಬೆಳೆಸಿದರೆ ಇವುಗಳ ಮನೆ ಹೋಗುತ್ತದೆ.

ಕೆಲಸ ನಿಜವಾಗಿ ಬೇಕಿರುವುದು ಕಾನಿನ ಅಂಚಿನಲ್ಲಿ ಮತ್ತು ಅಕೇಶಿಯಾದಲ್ಲಿ. ಅಂಚಿನಲ್ಲಿ ಲಂಟಾನ ಅನ್ನುವ ಕಳೆ ಪೊದೆ ಇದ್ದೇ ಇರುತ್ತದೆ. ಕತ್ತಿಯಿಂದ ಸವರಿದರೆ ಬುಡದಿಂದ ಎರಡರಷ್ಟು ಚಿಗುರುತ್ತದೆ, ದುಡ್ಡು ದಂಡ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ ಸರಳವಾಗಿದೆ. ಲಂಟಾನ ಚಿಗುರುವುದು ಕಾಂಡ ಮತ್ತು ಬೇರು ಸೇರುವ ಗಂಟಿನಿಂದ. ಒಬ್ಬರು ಪೊದೆಯನ್ನು ಎಳೆದು ಹಿಡಿಯುತ್ತಾರೆ, ಇನ್ನೊಬ್ಬರು ಪಿಕಾಸಿಯಿಂದ ಬುಡದ ಮಣ್ಣು ಸರಿಸಿ, ನೆಲದಿಂದ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ತಾಯಿಬೇರಿಗೆ ಏಟು ಹಾಕುತ್ತಾರೆ. ಕಿತ್ತು ಬಂದ ಪೊದೆಯನ್ನು ಬೇರು ಮೇಲೆ ಮಾಡಿ ಅಲ್ಲೇ ಬೋರಲು ನಿಲ್ಲಿಸಬೇಕು. ಬೇರು ಮಣ್ಣಿಗೆ ತಾಗದೆ ಒಣಗುತ್ತದೆ. ಸುಡುವ ಅಗತ್ಯ ಇಲ್ಲ, ಎಳೆದೊಯ್ಯುವ ಖರ್ಚೂ ಇಲ್ಲ. ಹಣ್ಣು ಬಿಡುವ ಮುಂಚೆ ಈ ಕೆಲಸ ಆಗಬೇಕು, ಇಲ್ಲದಿದ್ದರೆ ಪಿಕಳಾರಗಳು ಬೀಜ ತಿಂದು ಎಲ್ಲೆಡೆ ಹಾಕುತ್ತವೆ.

ಶುರು ಮಾಡುವುದು ಕಾಡು ಚೆನ್ನಾಗಿರುವ, ಕಳೆ ಕಡಿಮೆ ಇರುವ ಕಡೆಯಿಂದ. ಎಲ್ಲರೂ ತದ್ವಿರುದ್ಧ ಮಾಡುತ್ತಾರೆ, ಕಳೆ ಜಾಸ್ತಿ ಇರುವ ಕಡೆ ಮೊದಲು ಕೈ ಹಾಕಿ ಸುಸ್ತಾಗುತ್ತಾರೆ. ಬಿಸಿಲು ಬಿದ್ದ ನೆಲದಲ್ಲಿ ಲಂಟಾನದ ಹೊಸ ಮೊಳಕೆ ಎರಡು ಮೂರು ಮಳೆಗಾಲ ಬರುತ್ತಲೇ ಇರುತ್ತದೆ. ಆದ್ದರಿಂದ ಮೂರು ವರ್ಷ ಬಿಡದೆ ಕಳೆ ತೆಗೆಯಲು ಆಗುವಷ್ಟು ಜಾಗವನ್ನು ಮಾತ್ರ ಪ್ರತಿ ವರ್ಷ ಕೈಗೆತ್ತಿಕೊಳ್ಳಿ.

ಅಕೇಶಿಯಾವನ್ನು ಒಟ್ಟಿಗೆ ಕಡಿಸಬೇಡಿ. ಅದರ ಬೀಜಕ್ಕೆ ಗಟ್ಟಿ ಸಿಪ್ಪೆ. ಮಣ್ಣಲ್ಲಿ ವರ್ಷಗಟ್ಟಲೆ ಕಾದಿದ್ದು, ಬೆಂಕಿ ಬಿದ್ದರೆ ಅಥವಾ ನೆಲ ಬಯಲಾದರೆ ಒಟ್ಟೊಟ್ಟಿಗೆ ಹುಟ್ಟುತ್ತದೆ. ಪಕ್ಕದಲ್ಲೇ ಕಾನು ಇರುವುದರಿಂದ ಅಕೇಶಿಯಾ ನೆರಳಿನಲ್ಲಿ ಹೈಗ, ಮತ್ತಿ, ದಾಲ್ಚಿನ್ನಿ, ಉಪ್ಪಾಗೆ ಸಸಿಗಳು ಆಗಲೇ ತಲೆ ಎತ್ತಿರಬಹುದು, ಹುಡುಕಿ. ಅಂಥ ಸಸಿ ಇರುವ ಕಡೆ ಮೇಲಿನ ಒಂದೊಂದೇ ಮರ ತೆಗೆಯುತ್ತಾ ಹತ್ತು ಹನ್ನೆರಡು ವರ್ಷದಲ್ಲಿ ಮುಗಿಸಿ. ಸಸಿ ಇಲ್ಲದ ತೇಪೆಗಳಿಗೆ ಮಾತ್ರ ನೆಡಿ, ಅದೂ ನಿಮ್ಮ ಕಾನಿನದೇ ಬೀಜದಿಂದ. ನಿಮಗೆ ಬೇಕಾಗುವುದು ಕೆಲವು ನೂರು ಸಸಿ ಇರಬಹುದು, ಐದು ಸಾವಿರವಂತೂ ಖಂಡಿತ ಅಲ್ಲ. ಒಂದು ಎಚ್ಚರಿಕೆ: ಸ್ವಂತ ಜಮೀನಿನ ಮರ ಕಡಿಯಲಿಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಕಡಿಯುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ.

ಇನ್ನು ಬೆಂಕಿ. ಐದು ವರ್ಷದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುವುದು ಇದೊಂದೇ. ಡಿಸೆಂಬರ್, ಜನವರಿಯಲ್ಲಿ ಬ್ಯಾಣದ ಸುತ್ತ, ರಸ್ತೆ ಬದಿ ಮೂರ್ನಾಲ್ಕು ಮೀಟರ್ ಅಗಲಕ್ಕೆ ತರಗೆಲೆ, ಹುಲ್ಲು ಕೆರೆಸಿ ಬೆಂಕಿ ಲೈನ್ ಮಾಡಿಸಿ. ಆಮೇಲೂ ಮಳೆ ಬೀಳುವ ತನಕ ಎಲೆ ಉದುರುತ್ತಲೇ ಇರುತ್ತದೆ, ವಾರಕ್ಕೊಮ್ಮೆ ಗುಡಿಸುವವರು ಬೇಕು. ಹೊಸ ಹುಲ್ಲು ಬರಲಿ ಅಂತ ಊರಿನವರೇ ಬೆಂಕಿ ಕೊಡುವ ರೂಢಿ ಇದ್ದರೆ ಅವರನ್ನು ಬೈದು ಪ್ರಯೋಜನವಿಲ್ಲ. ಬ್ಯಾಣದ ಹುಲ್ಲನ್ನು ಕೊಯ್ದು ಒಯ್ಯಲು ಬಿಡಿ. ಒಣಹುಲ್ಲು ಕಡಿಮೆಯಾದಷ್ಟೂ ಬೆಂಕಿಯ ಭಯ ಕಡಿಮೆ.

ನಿಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಇನ್ನೊಂದು ಅಪಾಯ ಇದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜನ ಸತ್ತಿದ್ದಾರೆ. ಇದನ್ನು ಹರಡುವ ಉಣ್ಣೆಗಳ ಕಾಟ ಜಾಸ್ತಿ ಇರುವುದು ಡಿಸೆಂಬರ್‌ನಿಂದ ಮೇ ತನಕ, ಅಂದರೆ ನೀವು ಬೆಂಕಿ ಲೈನ್ ಕೆರೆಸುವ, ಲಂಟಾನ ಕೀಳಿಸುವ ತಿಂಗಳುಗಳಲ್ಲೇ. ಕೆಲಸಕ್ಕೆ ಬರುವವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಉಣ್ಣೆ ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೀಪಾ ಎಣ್ಣೆ ತಂದುಕೊಡಿ, ಉದ್ದ ತೋಳಿನ ಅಂಗಿ, ಗಮ್‌ಬೂಟ್ ಕೊಡಿಸಿ, ಸಂಜೆ ಬಿಸಿನೀರು ಸ್ನಾನಕ್ಕೆ ಅನುಕೂಲ ಮಾಡಿ. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇದೆಲ್ಲ ನಿಮ್ಮ ಯೋಜನೆಯ ಪುಸ್ತಕದಲ್ಲಿ ಮೊದಲ ಪುಟದಲ್ಲೇ ಇರಬೇಕು.

ಆ ಪುಸ್ತಕ ಕನ್ನಡದಲ್ಲಿರಲಿ. ಜಾಗ ಕಾಯುವವರು ಓದಲಾಗದ ಯೋಜನೆ ಇದ್ದರೆಷ್ಟು, ಬಿಟ್ಟರೆಷ್ಟು? ಹತ್ತು ಪುಟ ಸಾಕು. ನಕ್ಷೆ, ಯಾವ ತಿಂಗಳು ಯಾವ ಕೆಲಸ, ಯಾವ ಭಾಗವನ್ನು ಯಾಕೆ ಮುಟ್ಟಬಾರದು, ಬೆಂಕಿ ಬಿದ್ದರೆ ಯಾರಿಗೆ ಫೋನ್. ಐದು ವರ್ಷಕ್ಕೊಮ್ಮೆ ತಿದ್ದಿ.

ಈಗ ದುಡ್ಡಿನ ವಿಷಯ. ಉದಾಹರಣೆಗೆ ಅಂತ ಲೆಕ್ಕ ಹಾಕೋಣ. ಊರಿನವರೇ ಒಬ್ಬರು ಕಾವಲಿಗೆ, ತಿಂಗಳಿಗೆ 15,000 ರೂಪಾಯಿ ಅಂದರೆ ವರ್ಷಕ್ಕೆ 1.8 ಲಕ್ಷ. ಬೆಂಕಿ ಲೈನ್, ಕಳೆ, ಇತರೆ ಸೇರಿ 60 ಸಾವಿರ. ಒಟ್ಟು 2.4 ಲಕ್ಷ. ಇಡುಗಂಟಿಗೆ ನೂರಕ್ಕೆ ಏಳು ಬಡ್ಡಿ ಬಂದರೆ, ಅದರಲ್ಲಿ ನಾಲ್ಕನ್ನು ಬೆಲೆ ಏರಿಕೆಗೆ ಬಿಟ್ಟು ಮೂರನ್ನು ಮಾತ್ರ ಖರ್ಚು ಮಾಡಬೇಕು. ಆಗಲೇ ಗಂಟು ಕರಗದೆ ಉಳಿಯುವುದು. ಆ ಲೆಕ್ಕದಲ್ಲಿ 80 ಲಕ್ಷ ಬೇಕು, ನಾಲ್ವರಿಗೆ ತಲಾ 20 ಲಕ್ಷ. ಗಾಬರಿ ಆಗಬೇಡಿ. ಎರಡು ಎಕರೆ ತೋಟವನ್ನು ಕಾಡು ಮಾಡಲು ಹೋಗದೆ ಅಡಿಕೆ, ಕಾಳುಮೆಣಸು ಚೆನ್ನಾಗಿ ನೋಡಿಕೊಳ್ಳಿ. ಕಾವಲಿನ ಸಂಬಳದ ದೊಡ್ಡ ಪಾಲು ಅದರಿಂದಲೇ ಹುಟ್ಟಬಹುದು. ಉಳಿದಿದ್ದಕ್ಕೆ ಚಿಕ್ಕ ಇಡುಗಂಟು ಸಾಕು. ಆದರೆ ಅದನ್ನು ಈಗಲೇ, ನಾಲ್ವರಿಗೂ ಉತ್ಸಾಹ ಇರುವಾಗಲೇ ಕೂಡಿಸಿ.

ಕೊನೆಯದು ಒಡೆತನ. ನಾಲ್ವರ ಹೆಸರಲ್ಲಿ ಜಂಟಿಯಾಗಿದ್ದರೆ ಯಾವತ್ತಾದರೂ ಒಬ್ಬರು, ಅಥವಾ ಅವರ ಮಕ್ಕಳು, ಪಾಲು ಕೇಳಬಹುದು. ಆರೂವರೆ ಎಕರೆಯ ನಾಲ್ಕು ತುಂಡಾದರೆ ಹಳ್ಳ ಯಾರದ್ದು, ಕಾನು ಯಾರದ್ದು? ಕೊಡಗಿನ ಸಾಯಿ ಅಭಯಾರಣ್ಯ ನೆನಪಿಸಿಕೊಳ್ಳಿ. ಪಮೇಲಾ ಮತ್ತು ಅನಿಲ್ ಮಲ್ಹೋತ್ರ 1991ರಲ್ಲಿ ಶುರು ಮಾಡಿ, ಹಳ್ಳದ ಆಚೀಚೆಯ ಪಾಳು ಜಮೀನುಗಳನ್ನು ಸೇರಿಸುತ್ತಾ ಸುಮಾರು 300 ಎಕರೆ ಮಾಡಿದರು. ಅಲ್ಲಿ ಜಾಗ ಒಟ್ಟಾಗುತ್ತಾ ಹೋಯಿತು, ನಿಮ್ಮಲ್ಲಿ ಚೂರಾಗುವ ದಾರಿ ತೆರೆದೇ ಇದೆ. ಸಾರ್ವಜನಿಕ ಟ್ರಸ್ಟ್ ಅಥವಾ 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್‌ನ ಲಾಭರಹಿತ ಕಂಪನಿ ಒಂದು ದಾರಿ. ಕೃಷಿ ಜಮೀನು ಇಂಥ ಸಂಸ್ಥೆಗಳ ಹೆಸರಿಗೆ ಬರಲು ಭೂ ಸುಧಾರಣಾ ಕಾಯ್ದೆಯ ಕಟ್ಟುಪಾಡುಗಳಿವೆ, ಆದ್ದರಿಂದ ಭೂಮಿ ವ್ಯವಹಾರ ಬಲ್ಲ ವಕೀಲರನ್ನೇ ಹಿಡಿಯಿರಿ. ಪತ್ರದಲ್ಲಿ ಮೂರು ಮಾತು ಇರಲೇಬೇಕು: ಜಾಗವನ್ನು ಯಾತಕ್ಕೆ ಬಳಸಬಾರದು, ಟ್ರಸ್ಟಿಗಳಲ್ಲಿ ಇಬ್ಬರಾದರೂ ಅದೇ ಊರಿನವರು ಮತ್ತು ಒಬ್ಬರಾದರೂ ನಲವತ್ತರೊಳಗಿನವರು ಇರಬೇಕು, ಟ್ರಸ್ಟ್ ನಿಂತುಹೋದರೆ ಜಾಗ ಯಾವ ಸಂಸ್ಥೆಗೆ ಹೋಗಬೇಕು. ಇದು ಆಗುವ ತನಕ ನಾಲ್ವರೂ ಉಯಿಲು ಬರೆದಿಡಿ, ಮಕ್ಕಳನ್ನು ಕೂರಿಸಿಕೊಂಡು ಅದರಲ್ಲೇನಿದೆ ಅಂತ ಹೇಳಿ.

ಪ್ರಶ್ನೆ: ನಾವು ಕೊಂಡ ಜಾಗದ ಮಧ್ಯೆ ಊರಿನವರು ಓಡಾಡುತ್ತಾರೆ, ದನ ಬಿಡುತ್ತಾರೆ. ಗೇಟ್ ಹಾಕಿ ಬೀಗ ಹಾಕಬಹುದಾ?

ಉತ್ತರ: ಬೇಡ. 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದ ಬಳಸಿದ ದಾರಿಗೆ 1882ರ ಈಸ್‌ಮೆಂಟ್ (ಇನ್ನೊಬ್ಬರ ಜಾಗ ಬಳಸುವ ಹಕ್ಕಿನ) ಕಾಯ್ದೆಯಲ್ಲಿ ಹಕ್ಕು ಹುಟ್ಟುತ್ತದೆ. ಕೋರ್ಟಿನಲ್ಲಿ ಸೋಲುವುದಲ್ಲದೆ ಊರನ್ನೂ ಕಳೆದುಕೊಳ್ಳುತ್ತೀರಿ. ದಾರಿ ತೆರೆದಿಡಿ. ದನಕ್ಕೆ ಒಂದು ಭಾಗ ಬಿಟ್ಟು, ಹಳ್ಳದ ಅಂಚು ಮತ್ತು ಸಸಿ ಬರುತ್ತಿರುವ ಕಡೆ ಬೇಡ ಅಂತ ಕೂತು ಮಾತಾಡಿ. ತಡೆ ಬೇಕೇ ಬೇಕು ಅನ್ನಿಸುವ ಕಡೆ ಲಕ್ಕಿ ಗಿಡದ ಬೇಲಿ ಹಾಕಿ. ಮುಳ್ಳುತಂತಿಗೆ ಕಾಡುಕುರಿ, ಕಡವೆ ಸಿಕ್ಕಿಕೊಳ್ಳುತ್ತವೆ.

ಪ್ರಶ್ನೆ: ಖಾಸಗಿ ಜಮೀನನ್ನು ಸರ್ಕಾರದಿಂದ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಮಾಡಿಸಬಹುದಾ?

ಉತ್ತರ: ದಾರಿ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಲ್ಲಿ ಸಮುದಾಯ ಮೀಸಲು ಅನ್ನುವ ವ್ಯವಸ್ಥೆ ಬಂತು. ವ್ಯಕ್ತಿಯೋ ಊರೋ ತಾವಾಗಿ ಮುಂದೆ ಬಂದರೆ ಖಾಸಗಿ ಅಥವಾ ಸಮುದಾಯದ ಜಾಗವನ್ನು ಸರ್ಕಾರ ಹಾಗೆ ಘೋಷಿಸಬಹುದು. ಹೆಜ್ಜಾರ್ಲೆಗಳು (ಪೆಲಿಕನ್) ಮನೆ ಪಕ್ಕದ ಮರಗಳಲ್ಲೇ ಗೂಡು ಕಟ್ಟುವ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗೆ ಆಯಿತು. ಒಮ್ಮೆ ಘೋಷಣೆ ಆದರೆ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಭೂಬಳಕೆ ಬದಲಿಸಲು ಬರುವುದಿಲ್ಲ. ಮಕ್ಕಳು ಮಾರಿದರೆ ಕಾಡು ಹೋಗುತ್ತದೆ ಅನ್ನುವ ಚಿಂತೆ ಇದ್ದವರಿಗೆ ಇದು ಒಳ್ಳೆಯ ಕಟ್ಟು. ಆದರೆ ಅಕೇಶಿಯಾ ತೆಗೆಯುವಂಥ ಕೆಲಸ ಬಾಕಿ ಇದ್ದರೆ ಅದನ್ನೆಲ್ಲ ಯೋಜನೆಯಲ್ಲಿ ಮೊದಲೇ ಬರೆಸಿಕೊಂಡು ಅರ್ಜಿ ಹಾಕಿ. ಅಷ್ಟರಲ್ಲಿ ನಿಮ್ಮ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯವರನ್ನು ಭೇಟಿ ಮಾಡಿ, ಜಾಗದ ಗಿಡ, ಪ್ರಾಣಿಗಳ ಪಟ್ಟಿಯನ್ನು ಅವರ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಿ ಅಂತ ಕೇಳಿ. ಅದಕ್ಕೆ ಯಾವ ಘೋಷಣೆಗೂ ಕಾಯಬೇಕಿಲ್ಲ.