ಹಳೆ ಓಣಿಯ ಮನೆ, ಓಣಿಯ ಸಂಘ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ನೂರು ವರ್ಷ ದಾಟಿದ ಇಟ್ಟಿಗೆ ಮನೆ. ನೆಲದಿಂದ ಮೂರಡಿವರೆಗೆ ಗೋಡೆ ಸದಾ ತೇವ. ಎರಡು ಸಲ ಸಿಮೆಂಟ್ ಗಿಲಾವು ಮಾಡಿಸಿದರೂ ಉಬ್ಬಿ ಉದುರುತ್ತಿದೆ. ವಾಟರ್‌ಪ್ರೂಫ್ ಬಣ್ಣ ಹೊಡೆಸಲೇ?

ಉತ್ತರ: ದಯವಿಟ್ಟು ಬೇಡ. ಸುಣ್ಣದ ಗಾರೆಯ ಗೋಡೆ ನೆಲದ ತೇವ ಹೀರುತ್ತದೆ, ಮೈಯೆಲ್ಲದರಿಂದ ಅದನ್ನು ಆರಿಸಿಕೊಳ್ಳುತ್ತದೆ. ಸಿಮೆಂಟ್ ಬಳಿದರೆ ಆರುವ ದಾರಿ ಮುಚ್ಚಿತು. ತೇವ ಇನ್ನೂ ಮೇಲೇರುತ್ತದೆ, ಅದರೊಳಗಿನ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ನೂಕುತ್ತದೆ. ಉದುರಿದ ಚಕ್ಕೆಯನ್ನು ತಿರುಗಿಸಿ ನೋಡಿ: ಹಿಂಬದಿಯಲ್ಲಿ ಹತ್ತಿಯಂಥ ಬಿಳಿ ಹುಡಿ, ಅದರ ಜೊತೆಗೆ ಕಿತ್ತು ಬಂದ ಇಟ್ಟಿಗೆಯ ಕೆಂಪು ಪದರ. ಬಣ್ಣ ಹೊಡೆದರೆ ಇದೇ ಕಥೆ ಇನ್ನೂ ಬೇಗ ನಡೆಯುತ್ತದೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಮಳೆ ಸುರಿಯುವಾಗ ಹೊರಗೆ ನಿಂತು ಮಳೆನೀರಿನ ಪೈಪಿನ ಜಾಯಿಂಟ್, ಗೋಡೆಗೆ ಅಂಟಿದ ಚರಂಡಿ ಎರಡನ್ನೂ ಗಮನಿಸಿ. ಆಮೇಲೆ ಹೊಸ್ತಿಲಿನಿಂದ ರಸ್ತೆಗೆ ಎಷ್ಟು ಇಳಿಜಾರಿದೆ ಅಳೆಯಿರಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಆರು ಇಂಚಾದರೂ ಕೆಳಗಿರಬೇಕು. ಹಳೆ ಓಣಿಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ಈ ಅಂತರವೇ ಮಾಯವಾಗಿರುತ್ತದೆ. ಹಾಗಾಗಿದ್ದರೆ ತೇವ ನಿಮ್ಮ ಮನೆಯೊಂದರದ್ದಲ್ಲ, ಇಡೀ ಸಾಲಿನದು.

ನೀರು ಬರುವುದು ನಿಂತ ಮೇಲೆ ಗಿಲಾವು ತೆಗೆಯಿರಿ. ಸಣ್ಣ ಉಳಿ, ಹಗುರ ಸುತ್ತಿಗೆ ಸಾಕು, ಬ್ರೇಕರ್ ಮೆಷಿನ್ ಬೇಡವೇ ಬೇಡ. ಮೊದಲು ಒಂದು ಚದರಡಿ ತೆಗೆದು ನೋಡಿ. ಇಟ್ಟಿಗೆಯ ಮುಖವೇ ಕಿತ್ತು ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ತೆರೆದ ಗೋಡೆ ಆರಲು ಬಿಡಿ; ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಒರಟು ಲೆಕ್ಕ. ಉಪ್ಪು ಎದ್ದಾಗ ಒಣ ಬ್ರಷ್‌ನಲ್ಲಿ ಗುಡಿಸಿ ತೆಗೆಯಿರಿ, ತೊಳೆಯಬೇಡಿ, ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ಹೊಸ ಗಿಲಾವಿಗೆ ಒಂದು ಪಾಲು ಹದವಾಗಿ ನೆನೆದ ಸುಣ್ಣ, ಮೂರು ಪಾಲು ತೊಳೆದ ದಪ್ಪ ಮರಳು. ಗೋಡೆಗೆ ನೀರು ಚಿಮುಕಿಸಿ, ಒಂದು ಸಲಕ್ಕೆ 8ರಿಂದ 10 ಮಿಲಿಮೀಟರ್ ಮಾತ್ರ ಬಳಿಯಬೇಕು. ಒದ್ದೆ ಗೋಣಿತಾಟು ಇಳಿಬಿಟ್ಟು ನಿಧಾನ ಆರಿಸಿ. ಬಿಸಿಲಿಗೆ ಬಿಟ್ಟರೆ ಬಿರುಕು ಖಂಡಿತ. ಮೇಲೆ ಸುಣ್ಣವನ್ನೇ ಬಳಿಯಿರಿ. ಸುಟ್ಟ ಸುಣ್ಣ ನೆನೆಸುವಾಗ ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣಕ್ಕೆ ನೀರು ಸುರಿಯಬಾರದು. ಸಿಡಿದು ಕಣ್ಣು ಸುಡುತ್ತದೆ.

ಪ್ರಶ್ನೆ: ನಮ್ಮ ಓಣಿಯ ಸಂಘದಲ್ಲಿ ಸದಸ್ಯರು ಅರವತ್ತು, ದುಡಿಯುವವರು ನಾಲ್ವರು. ನಗರಾಡಳಿತಕ್ಕೆ ಕೊಟ್ಟ ಮನವಿಗಳಿಗೆ ಉತ್ತರವೂ ಬರುವುದಿಲ್ಲ.

ಉತ್ತರ: "ರಸ್ತೆ, ಚರಂಡಿ, ದೀಪ ಸರಿಪಡಿಸಿ" ಎಂದು ಒಂದೇ ಕಾಗದದಲ್ಲಿ ಬರೆದರೆ ಅದು ಯಾವ ವಿಭಾಗದ ಮೇಜಿಗೂ ಸೇರುವುದಿಲ್ಲ. ಒಂದು ಮನವಿಗೆ ಒಂದೇ ವಿಷಯ. ಮೊದಲ ಉತ್ತರದಲ್ಲಿ ಹೇಳಿದ, ಡಾಂಬರಿನ ಮೇಲೆ ಡಾಂಬರು ಬಿದ್ದು ಏರಿದ ರಸ್ತೆಯನ್ನೇ ತೆಗೆದುಕೊಳ್ಳಿ: ಪ್ರತಿ ಮನೆಯ ಹೊಸ್ತಿಲಿನಿಂದ ರಸ್ತೆಗಿರುವ ಅಂತರವನ್ನು ಮನೆ ಸಂಖ್ಯೆಯೊಡನೆ ಪಟ್ಟಿ ಮಾಡಿ, ಅಳತೆಪಟ್ಟಿ ಹಿಡಿದು ತೆಗೆದ ಫೋಟೋ ಲಗತ್ತಿಸಿ. ಕೇಳುವುದು ಒಂದೇ ವಾಕ್ಯವಿರಲಿ: "ಹೊಸ ಪದರ ಹಾಕುವ ಮುನ್ನ ಹಳೆಯದನ್ನು ಅಷ್ಟೇ ದಪ್ಪ ಕೆರೆದು ತೆಗೆಯಬೇಕು." ಸ್ವೀಕೃತಿ ಮೊಹರು ಬಿದ್ದ ಪ್ರತಿ ಇಟ್ಟುಕೊಂಡು, ಹದಿನೈದು ದಿನಕ್ಕೊಮ್ಮೆ ಅದರ ಸಂಖ್ಯೆ ಹಾಕಿ ನೆನಪೋಲೆ ಕೊಡಿ.

ಜನ ಬರಬೇಕೆಂದರೆ "ಸಂಘಕ್ಕೆ ದುಡಿಯಿರಿ" ಎನ್ನಬೇಡಿ. "ಭಾನುವಾರ ಎರಡು ಗಂಟೆ, ಹತ್ತು ಹೊಸ್ತಿಲು ಅಳೆಯಬೇಕು" ಎನ್ನಿ. ಮುಗಿಯುವ ಕೆಲಸಕ್ಕೆ ಜನ ಒಪ್ಪುತ್ತಾರೆ. ಬ್ಯಾಂಕಿನ ಖಾತೆಗೆ ಎರಡು ಸಹಿ, ಪ್ರತಿ ವಂತಿಗೆಗೂ ರಸೀದಿ, ತಿಂಗಳ ಲೆಕ್ಕ ಒಂದು ಪುಟದಲ್ಲಿ ಫಲಕದ ಮೇಲೆ. ಸಂಘಗಳು ಹಣದ ಕೊರತೆಯಿಂದ ಒಡೆಯುವುದು ಕಡಿಮೆ, ಲೆಕ್ಕ ಕಾಣದೆ ಒಡೆಯುವುದೇ ಹೆಚ್ಚು.

ಪ್ರಶ್ನೆ: ಎರಡು ಮನೆಗೂ ಸೇರಿದ ನಡುಗೋಡೆ ಬಿರುಕು ಬಿಟ್ಟಿದೆ. ಪಕ್ಕದವರು ನಮ್ಮನ್ನು ದೂರುತ್ತಾರೆ.

ಉತ್ತರ: ವಾದಕ್ಕಿಂತ ಮೊದಲು ಅಳತೆ, ಅದೂ ಇಬ್ಬರ ಎದುರಿಗೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ, ಅಗಲವನ್ನು ಮೂರು ಕಡೆ ಅಳೆಯಿರಿ. ತಿಂಗಳಿಗೊಮ್ಮೆ, ಒಂದು ವರ್ಷ. ಮಳೆಗಾಲ, ಬೇಸಿಗೆಗೆ ತಕ್ಕಂತೆ ಬಿರುಕು ಹಿಗ್ಗಿ ಕುಗ್ಗುತ್ತಿದ್ದರೆ ಅದು ಕೆಳಗಿನ ಮಣ್ಣಿನ ಆಟ. ಹಿಗ್ಗುತ್ತಲೇ ಹೋದರೆ, ಇಲ್ಲವೇ ಗೋಡೆ ಉಬ್ಬಿದರೆ, ವರ್ಷ ಕಾಯಬೇಡಿ, ಕೂಡಲೇ ಕಟ್ಟಡ ಎಂಜಿನಿಯರನ್ನು ಕರೆಸಿ.

ಪ್ರಶ್ನೆ: ಹಳೆ ಮರದ ಕಿಟಕಿ ಕಿತ್ತು ಅಲ್ಯೂಮಿನಿಯಂ ಹಾಕುವವರನ್ನು ಸಂಘ ತಡೆಯಬಹುದೇ?

ಉತ್ತರ: ಆ ಅಧಿಕಾರ ಕಾನೂನಿಗಿದೆ, ಸಂಘಕ್ಕಿಲ್ಲ. ಅಮೆರಿಕದ ಚಾರ್ಲ್ಸ್‌ಟನ್ ನಗರ 1931ರಲ್ಲೇ ಹಳೆ ಬಡಾವಣೆಗೆ ಇಂಥ ಕಾನೂನು ಮಾಡಿತು. ನ್ಯೂಯಾರ್ಕ್ 1965ರಲ್ಲಿ ಮಾಡಿತು, ಅದೂ ಭವ್ಯವಾದ ರೈಲು ನಿಲ್ದಾಣವೊಂದನ್ನು ಕೆಡವಲು ಶುರುವಾದ ಮೇಲೆ. ಕಾನೂನಿಲ್ಲದ ಕಡೆ ದುರಸ್ತಿ ಸಾಧ್ಯವೆಂದು ತೋರಿಸುವುದೇ ದಾರಿ. ಹೆಚ್ಚಿನ ಕಿಟಕಿಗಳಲ್ಲಿ ಕೊಳೆತಿರುವುದು ಕೆಳಪಟ್ಟಿಯೊಂದೇ. ಗಟ್ಟಿ ಮರ ಸಿಗುವವರೆಗೆ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಒಣಮರದ ತುಂಡು ಕೂರಿಸಿ, ಹೊರಮೈ ನೀರು ಜಾರುವಂತೆ ಇಳಿಜಾರಾಗಿ ಹೆರೆಯಲಿ. ಒಳ್ಳೆಯ ಬಡಗಿಯೊಬ್ಬರಿಂದ ಓಣಿಯ ಒಂದು ಕಿಟಕಿಯನ್ನು ಹೀಗೆ ಮಾಡಿಸಿ, ಉಳಿದವರನ್ನು ಕರೆದು ತೋರಿಸಿ.