ಚೆಂಡೆ ಬಾರಿಸುವ ನೀವು ಅದನ್ನೇ ಬಿಟ್ಟಿದ್ದೀರಿ

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಫ್ರಾನ್ಸಿನ ಮಿಶೆಲ್ ಗೊಂಡ್ರಿ ಬಗ್ಗೆ, ಸಿನಿಮಾದಷ್ಟೇ ಪ್ರೀತಿಯಿಂದ ಮ್ಯೂಸಿಕ್ ವಿಡಿಯೋ ಮಾಡುವ ಆ ವಿಚಿತ್ರ ನಿರ್ದೇಶಕನ ಬಗ್ಗೆ, ಕುಂಬಳೆಯಿಂದ ಒಬ್ಬರು ಕನ್ನಡದಲ್ಲಿ ಬರೆದು ಕಳಿಸಿದ್ದಾರೆ ಅನ್ನುವುದೇ ನನಗೆ ದೊಡ್ಡ ಖುಷಿ. ಆದರೆ ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕುವುದಕ್ಕೆ ಆಗುವುದಿಲ್ಲ.

ಮೊದಲ ಸಾಲು ನೋಡಿ. "1963ರಲ್ಲಿ ವರ್ಸೈಯಲ್ಲಿ ಜನಿಸಿದ ಗೊಂಡ್ರಿ ಬಹುಮುಖ ಪ್ರತಿಭೆಯ ಅಪ್ರತಿಮ ಕಲಾವಿದ." ಈ ಮಾತನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು, ಅದಕ್ಕೇ ಇದರಲ್ಲಿ ಗೊಂಡ್ರಿ ಕಾಣಿಸುವುದಿಲ್ಲ. ಅಲ್ಲಿಂದ ಮುಂದೆ ಐದು ಪುಟ ಬರೀ ಇಸವಿ, ಹೆಸರು, ಇಸವಿ, ಹೆಸರು. ಒಂದು ಕಡೆ ತಪ್ಪೂ ಇದೆ. 2004ರ 'ಎಟರ್ನಲ್ ಸನ್‌ಶೈನ್ ಆಫ್ ದ ಸ್ಪಾಟ್‌ಲೆಸ್ ಮೈಂಡ್' ಚಿತ್ರಕ್ಕೆ ಆಸ್ಕರ್ ಬಂದದ್ದು ನಿರ್ದೇಶನಕ್ಕಲ್ಲ, ಮೂಲ ಚಿತ್ರಕಥೆಗೆ. ಅದನ್ನು ಗೊಂಡ್ರಿ, ಚಾರ್ಲಿ ಕಾಫ್‌ಮನ್ ಮತ್ತು ಪಿಯೆರ್ ಬಿಸ್ಮುತ್ ಜೊತೆ ಹಂಚಿಕೊಂಡ. ಅದಕ್ಕೂ ಮುಂಚೆ, 2001ರಲ್ಲಿ ಬಂದ ಮೊದಲ ಸಿನಿಮಾ 'ಹ್ಯೂಮನ್ ನೇಚರ್' ಓಡಲಿಲ್ಲ. ಅದನ್ನು ನೀವು ಹೇಳಲೇ ಇಲ್ಲ, ಯಾಕೆ? ಸೋತದ್ದನ್ನು ಮುಚ್ಚಿಟ್ಟರೆ ಮುಂದಿನ ಗೆಲುವು ಸುಮ್ನೆ ಬಂದು ಬಿದ್ದ ಹಾಗೆ ಕಾಣುತ್ತದೆ.

ಈಗ ನನಗೆ ನಿಜವಾಗಿ ಬೇಜಾರಾದ ಜಾಗಕ್ಕೆ ಬರುತ್ತೇನೆ. ಗೊಂಡ್ರಿ ಮೊದಲು ಡ್ರಮ್ ಬಾರಿಸುತ್ತಿದ್ದ. 'ವಿ ವಿ' ಅನ್ನುವ ತನ್ನದೇ ಬ್ಯಾಂಡಿಗೆ ವಿಡಿಯೋ ಮಾಡುತ್ತಾ ಮಾಡುತ್ತಾ ಈ ಕೆಲಸ ಕಲಿತ. ಅದನ್ನು ನೋಡಿಯೇ ಐಸ್‌ಲ್ಯಾಂಡಿನ ಹಾಡುಗಾರ್ತಿ ಬ್ಯೋರ್ಕ್ ಅವನನ್ನು ಕರೆದದ್ದು, 1993ರಲ್ಲಿ ಅವಳ 'ಹ್ಯೂಮನ್ ಬಿಹೇವಿಯರ್' ಹಾಡಿನ ವಿಡಿಯೋ ಬಂದದ್ದು. ಇಷ್ಟನ್ನೂ ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಲೇಖನದ ಜೊತೆಗಿನ ಪತ್ರದಲ್ಲಿ ಮಾತ್ರ ನೀವು ಎಂಟು ವರ್ಷದಿಂದ ಯಕ್ಷಗಾನಕ್ಕೆ ಚೆಂಡೆ ಬಾರಿಸುತ್ತಿರುವುದಾಗಿ ಬರೆದಿದ್ದೀರಿ! ಅವನ ಕೆಲಸ ನಿಮಗೆ ಕಾಣುವ ಹಾಗೆ ನನಗೆ ಕಾಣುವುದಿಲ್ಲ, ಗೊತ್ತಾ?

1997ರ 'ಅರೌಂಡ್ ದ ವರ್ಲ್ಡ್' ವಿಡಿಯೋವನ್ನೇ ತಗೊಳ್ಳಿ. ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡಾಫ್ಟ್ ಪಂಕ್ ಅವರದ್ದು. ಹಾಡಿನಲ್ಲಿ ಇರುವುದು ಒಂದೇ ಮಾತು, ಮತ್ತೆ ಮತ್ತೆ ಅದೇ. ಗೊಂಡ್ರಿ ಒಂದೊಂದು ವಾದ್ಯಕ್ಕೆ ಒಂದೊಂದು ಗುಂಪು ವೇಷ ಕೊಟ್ಟ. ಹಾಡುವ ದನಿ ರೋಬೋಗಳಾಗಿ ಸುತ್ತು ಬರುತ್ತದೆ, ಗಿಟಾರ್ ಅಸ್ಥಿಪಂಜರಗಳಾಗಿ ಕುಣಿಯುತ್ತದೆ, ಡ್ರಮ್ ಮಷೀನಿಗೆ ಮೈಗೆಲ್ಲ ಬಟ್ಟೆ ಸುತ್ತಿದ ಈಜಿಪ್ಟಿನ ಮಮ್ಮಿಗಳಿದ್ದಾರೆ, ಬೇಸ್ ಗಿಟಾರಿನ ದನಿ ಮೇಲೇರಿ ಕೆಳಗಿಳಿದರೆ ಎತ್ತರದ ಆಳುಗಳೂ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಹಿಮ್ಮೇಳವೇ ಎದ್ದು ವೇಷ ಕಟ್ಟಿ ರಂಗಕ್ಕೆ ಬಂದ ಹಾಗೆ ಅಲ್ವಾ? ನೀವು ಇದಕ್ಕೆ ಬರೆದದ್ದು "ನೃತ್ಯ ಸಂಯೋಜನೆ ಅದ್ಭುತವಾಗಿದೆ" ಅಂತ ಮಾತ್ರ. ವೇಷಧಾರಿ ದಿಗಿಣ ಹಾಕುವಾಗ ನಿಮ್ಮ ಕೋಲು ಅವನ ಕಾಲನ್ನು ಕಾಯುತ್ತದೋ, ಅವನ ಕಾಲು ನಿಮ್ಮ ಕೋಲನ್ನು ಕಾಯುತ್ತದೋ? ಅದನ್ನು ಬರೆಯಿರಿ, ಆಮೇಲೆ ಈ ವಿಡಿಯೋಗೆ ಬನ್ನಿ.

ಕೊನೆಯ ಪುಟದಲ್ಲಿ ಒಂದು ಸಾಲು ಇದೆ. ಮಂಗಳೂರಿಗೆ ಕಾಲೇಜಿಗೆ ಹೋಗುವಾಗ ರೈಲಿನಲ್ಲಿ ಫೋನಿನಲ್ಲಿ, ಕೆಮಿಕಲ್ ಬ್ರದರ್ಸ್ ಅವರ ಹಾಡಿಗೆ ಗೊಂಡ್ರಿ ಮಾಡಿದ 'ಸ್ಟಾರ್ ಗಿಟಾರ್' ವಿಡಿಯೋ ನೋಡಿ ತಲೆ ಎತ್ತಿದರೆ, ಹೊರಗಿನ ಕರೆಂಟು ಕಂಬಗಳೂ ತಾಳಕ್ಕೆ ಬರುತ್ತಿದ್ದವು ಅಂತ. ಇಡೀ ಲೇಖನದಲ್ಲಿ ನಿಮ್ಮದು ಅನ್ನಬಹುದಾದ ಸಾಲು ಇದೊಂದೇ, ಅಲ್ಲಿಂದಲೇ ಶುರು ಮಾಡಿ. 2002ರ ಆ ವಿಡಿಯೋದಲ್ಲಿ ಇರುವುದು ಬರೀ ರೈಲು ಕಿಟಕಿಯ ನೋಟ. ಗೊಂಡ್ರಿ ಫ್ರಾನ್ಸಿನ ನೀಮ್‌ನಿಂದ ವಾಲಾನ್ಸ್‌ಗೆ ಹೋಗುವ ರೈಲು ದಾರಿಯಲ್ಲಿ ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಮತ್ತೆ ಮತ್ತೆ ಓಡಾಡಿ ಚಿತ್ರಿಸಿದ. ತಾಳದ ಯಾವ ಪೆಟ್ಟು ಬಿದ್ದಾಗ ಯಾವ ಕಟ್ಟಡ ಕಾಣಬೇಕು ಅಂತ ಲೆಕ್ಕ ಹಾಕಲು ಕಿತ್ತಳೆ, ಫೋರ್ಕು, ಕ್ಯಾಸೆಟ್, ಲೋಟಗಳನ್ನು ಸಾಲಾಗಿ ಜೋಡಿಸಿ ನೋಡಿದ. ಈ ಕಿತ್ತಳೆ ನಿಮ್ಮ ಲೇಖನದಲ್ಲಿ ಇರಬೇಕಿತ್ತು.

ನಾಳೆ ಹೋಗುವಾಗ ಫೋನು ಚೀಲದಲ್ಲಿಡಿ. ಉಳ್ಳಾಲ ದಾಟಿ ನೇತ್ರಾವತಿ ಸೇತುವೆಗೆ ಬಂದಾಗ ರೈಲಿನ ಸದ್ದು ಬದಲಾಗುತ್ತದಲ್ಲ, ಅದನ್ನು ಚೆಂಡೆಯ ಕಿವಿಯಿಂದ ಕೇಳಿ ಬರೆದಿಡಿ. ಸಾವಿರ ಪದ ಸಾಕು. ಇಸವಿಗಳಲ್ಲಿ ನಾಲ್ಕು ಉಳಿಸಿ, ಉಳಿದದ್ದು ತೆಗೆಯಿರಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.