ಕ್ಯಾಲ್ ಸ್ಕ್ರೂಗೆ ಕೈ ಹಾಕೋಕೆ ಮುಂಚೆ

ಮೂಡಿಗೆರೆ ಅಣ್ಣ, ನಿಮ್ಮ ಪ್ರಶ್ನೆ ನೋಡಿದೆ. ಸೋಲ್ಡರಿಂಗ್ (ಬೆಸುಗೆ) ಸ್ಟೇಷನ್‌ನಲ್ಲಿ 350 ಡಿಗ್ರಿ ಇಟ್ಟಿದ್ದೀರಿ, ಮಲ್ಟಿಮೀಟರ್ ಜೊತೆ ಬಂದ ಥರ್ಮೋಕಪಲ್ (ಬಿಸಿ ಅಳೆಯುವ ವೈರ್) ಬಿಟ್‌ಗೆ, ಅಂದರೆ ಐರನ್ನಿನ ಬಿಸಿ ತುದಿಗೆ, ಮುಟ್ಟಿಸಿದರೆ 285 ತೋರಿಸುತ್ತಿದೆ, ಬಿಸಿ ಸರಿಹೊಂದಿಸುವ ಕ್ಯಾಲ್ (ಕ್ಯಾಲಿಬ್ರೇಷನ್) ಸ್ಕ್ರೂ ತಿರುಗಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ.

ಹಾಸನದಲ್ಲಿ ನಾನು ಹೊಸದಾಗಿ ರಿಪೇರಿಗೆ ಕೂತಾಗ ಇದೇ ಕೆಲಸ ಮಾಡಿದ್ದೆ. ಮೀಟರ್ 290 ಅಂದಿತು, ಸ್ಕ್ರೂ ತಿರುಗಿಸಿ 350ಕ್ಕೆ ತಂದೆ. ಸಕಲೇಶಪುರದ ತೋಟದಿಂದ ಬಂದಿದ್ದ ಸೋಲಾರ್ ಬೇಲಿಯ ಬೋರ್ಡ್ ಮುಂದಿತ್ತು. ಬಿಟ್ ಇಟ್ಟ ತಕ್ಷಣ ಫ್ಲಕ್ಸ್ (ಸೋಲ್ಡರ್ ಹಿಡಿಯಲು ಹಾಕುವ ರಾಳ) ಚುರ್ ಅಂದು ಕಪ್ಪಾಯಿತು. ಎತ್ತಿದರೆ ಬೋರ್ಡಿನ ತಾಮ್ರದ ಪ್ಯಾಡೂ ಜೊತೆಗೇ ಎದ್ದು ಬಂತು. ಆಮೇಲೆ ಗೆಳೆಯನ ಹತ್ತಿರ ಬಿಟ್ ಅಳೆಯುವ ಮೀಟರ್ ತಂದು ನೋಡಿದರೆ 400 ದಾಟಿತ್ತು! ಸ್ಟೇಷನ್ ಮೊದಲು ಸರಿಯಾಗೇ ಇತ್ತು, ನಾನು ಅಳೆದ ರೀತಿ ತಪ್ಪಾಗಿತ್ತು.

ಥರ್ಮೋಕಪಲ್ ತುದಿ ಸಾಸಿವೆ ಕಾಳಿನ ಹಾಗೆ ದುಂಡಗಿದೆ ಅಲ್ವಾ? ಒಣ ಬಿಟ್‌ಗೆ ಮುಟ್ಟಿಸಿದರೆ ಒಂದು ಚುಕ್ಕಿಯಷ್ಟು ಜಾಗ ಮಾತ್ರ ತಾಗುತ್ತದೆ. ಅಲ್ಲಿಂದ ಬರುವ ಸ್ವಲ್ಪ ಬಿಸಿಯನ್ನೂ ವೈರ್ ಎಳೆದುಕೊಳ್ಳುತ್ತದೆ. ಅದಕ್ಕೆ ಕಡಿಮೆ ತೋರಿಸೋದು. ಬಿಟ್ ತುದಿಗೆ ಹೊಸ ಸೋಲ್ಡರ್ ಹಾಕಿ ಒಂದು ಹನಿ ನಿಲ್ಲಿಸಿ. ಕಾಳು ಆ ಹನಿಯೊಳಗೆ ಮುಳುಗಲಿ. ಅಂಕಿ ಏರಿ ಏರಿ ಒಂದು ಕಡೆ ನಿಲ್ಲುತ್ತದೆ, ಅದನ್ನು ಬರೆದುಕೊಳ್ಳಿ. ವೈರಿನ ಹೊದಿಕೆ ಇಷ್ಟು ಬಿಸಿ ತಡೆಯೋದು ಕಷ್ಟ, ಕಾಳು ಮಾತ್ರ ಒಳಗೆ ಹೋಗಲಿ.

ಮೀಟರ್ ಮೇಲೇ ಅನುಮಾನ ಇದ್ದರೆ ಅಡುಗೆಮನೆಗೆ ಹೋಗಿ. ಪುಡಿ ಐಸ್ ಬೆರೆಸಿದ ನೀರಲ್ಲಿ ಸೊನ್ನೆಯ ಹತ್ತಿರ ಇರಬೇಕು. ಕುದಿಯುವ ನೀರಲ್ಲಿ, ತಳಕ್ಕೆ ತಾಗದಂತೆ ಹಿಡಿದರೆ, 97ರ ಹತ್ತಿರ. 100 ಬರಲಿಲ್ಲ ಅಂತ ಮೀಟರನ್ನು ಬೈಯಬೇಡಿ. ನಮ್ಮ ಕಡೆ ಸಮುದ್ರ ಮಟ್ಟಕ್ಕಿಂತ ಸಾವಿರ ಮೀಟರ್ ಆಸುಪಾಸಿನಲ್ಲಿದ್ದೇವೆ, ಇಲ್ಲಿ ನೀರು ಮೂರು ಡಿಗ್ರಿ ಮೊದಲೇ ಕುದಿಯುತ್ತದೆ. ಮೇಲಿನ ಕಾಮೆಂಟಿನಲ್ಲಿ ಯಾರೋ ಹಣೆಗೆ ಹಿಡಿಯುವ ಗನ್ನಲ್ಲಿ ನೋಡಿ ಅಂದಿದ್ದಾರೆ. ಅದು ಜ್ವರಕ್ಕೆ ಸರಿ. ಬೇರೆ ಇನ್‌ಫ್ರಾರೆಡ್ ಗನ್ ಆದರೂ ಹೊಳೆಯುವ ಸಣ್ಣ ಬಿಟ್ ಮೇಲೆ ನಂಬುವ ಅಂಕಿ ಕೊಡಲ್ಲ.

ಇಷ್ಟಾದ ಮೇಲೂ ಕಡಿಮೆಯೇ ಬಂದರೆ ಬಿಟ್ ನೋಡಿ. ನಿಮ್ಮದು 936 ಮಾದರಿ ಅಂದಿದ್ದೀರಿ. ಅದರಲ್ಲಿ ಸೆನ್ಸರ್ ಹೀಟರ್ ಒಳಗಿದೆ, ಬಿಟ್ ಬರೀ ಟೋಪಿ ಹಾಗೆ ಮೇಲೆ ಕೂತಿರುತ್ತದೆ. ಹೀಟರ್ 350 ಆಗಿದ್ದರೂ ನಡುವೆ ಗಾಳಿ ಇದ್ದರೆ ತುದಿಗೆ ಅಷ್ಟು ಬಿಸಿ ಮುಟ್ಟಲ್ಲ. ಆರಿದ ಮೇಲೆ ನಟ್ ಬಿಚ್ಚಿ, ಒಳಗಿನ ಪುಡಿ ಕೊಡವಿ, ಬಿಟ್ ಪೂರ್ತಿ ಒಳಗೆ ಹೋಗುತ್ತಾ ನೋಡಿ, ನಟ್ ಹದವಾಗಿ ಬಿಗಿ ಮಾಡಿ. ತುದಿ ಕಪ್ಪಾಗಿ ಸೋಲ್ಡರ್ ಹಿಡಿಯದಿದ್ದರೆ ಹಿತ್ತಾಳೆ ನಾರಿನಲ್ಲಿ ಉಜ್ಜಿ ಹೊಸ ಸೋಲ್ಡರ್ ಸವರಿ. ಅರ ಹಾಕಬೇಡಿ, ಮೇಲಿನ ಕಬ್ಬಿಣದ ಪದರ ಹೋದರೆ ಒಳಗಿನ ತಾಮ್ರವನ್ನು ಸೋಲ್ಡರ್ ತಿಂದುಹಾಕುತ್ತದೆ.

ಈಗ ಸ್ಕ್ರೂ. ಜಾಸ್ತಿ ಬಳಸುವ ಬಿಟ್ಟನ್ನೇ ಹಾಕಿ, 350ಕ್ಕಿಟ್ಟು ಐದು ನಿಮಿಷ ಬಿಡಿ. ಹನಿಯಲ್ಲಿ ಮೂರು ಸಲ ಅಳೆಯಿರಿ. ಹತ್ತು ಡಿಗ್ರಿ ಆಚೆ ಈಚೆ ಇದ್ದರೆ ನಾನಂತೂ ಮುಟ್ಟಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಕೂದಲೆಳೆಯಷ್ಟು ತಿರುಗಿಸಿ, ಒಂದು ನಿಮಿಷ ಕಾದು ಮತ್ತೆ ಅಳೆಯಿರಿ. ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ಏರುತ್ತದೆ. ಬಿಟ್ ಬದಲಾದರೆ ಅಂಕಿಯೂ ಸ್ವಲ್ಪ ಬದಲಾಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಮೀಟರೇ ಇಲ್ಲದವರಿಗೆ 63/37 ಸೋಲ್ಡರ್ (63 ಪಾಲು ತವರ, 37 ಪಾಲು ಸೀಸ) ಇದೆ. ಅದು 183ಕ್ಕೆ ಸರಿಯಾಗಿ ಕರಗುತ್ತದೆ. ಸ್ಟೇಷನ್ ಅಷ್ಟು ಕೆಳಗೆ ಇಳಿಯುವುದಾದರೆ 170ರಿಂದ ಐದೈದು ಡಿಗ್ರಿ ಏರಿಸುತ್ತಾ ಆ ಸೋಲ್ಡರ್ ವೈರ್ ಮುಟ್ಟಿಸಿ, ಎಲ್ಲಿ ಕರಗುತ್ತದೆ ನೋಡಿ. ಕೆಳಗೆ ಸರಿ ಇದ್ದರೆ ಮೇಲೂ ಸರಿ ಇರಬೇಕು ಅಂತೇನಿಲ್ಲ, ಒಂದು ಅಂದಾಜು ಅಷ್ಟೇ.

ಇನ್ನೊಬ್ಬರು 25 ವ್ಯಾಟ್‌ನ ಮಾಮೂಲಿ ಐರನ್ ಬಗ್ಗೆ ಕೇಳಿದ್ದರು. ಅದಕ್ಕೆ ಕ್ಯಾಲಿಬ್ರೇಷನ್ ಇಲ್ಲ, ಕರೆಂಟ್ ಎಷ್ಟು ಬರುತ್ತದೋ ಅಷ್ಟು ಬಿಸಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕುವಾಗ ಎಲ್ಲರ ಮೋಟರ್ ಓಡಿ ವೋಲ್ಟೇಜ್ 190ಕ್ಕೆ ಇಳಿಯಿತು ಅಂದುಕೊಳ್ಳಿ. 230ಕ್ಕೆ 25 ವ್ಯಾಟ್ ಇದ್ದ ಐರನ್ ಆಗ 17 ವ್ಯಾಟ್ ಮಾತ್ರ. ದಪ್ಪ ವೈರ್ ಜಾಯಿಂಟ್ ಆಗ ಕೂರಲ್ಲ. ಮೊದಲು ಸಾಕೆಟ್‌ನಲ್ಲಿ ವೋಲ್ಟೇಜ್ ನೋಡಿ, ಆಮೇಲೆ ಐರನ್ ಬೈಯಿರಿ.

ಅಣ್ಣ, ಹನಿಯೊಳಗೆ ಅಳೆದ ಅಂಕಿ ಮತ್ತು ಬಿಟ್ ಬಿಚ್ಚಿದ ಫೋಟೋ ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.